ಎಲೆಕ್ಟ್ರಾನ್ ಯಾವ ಸೀಳಿನಿಂದ ಹೋಯಿತು ಮೇಡಂ?

ಪ್ರಶ್ನೆ: ನಾನು ಶಿರಸಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಎರಡು ಸೀಳಿನ ಪ್ರಯೋಗದ ಪಾಠದಲ್ಲಿ ‘ಎಲೆಕ್ಟ್ರಾನ್ ಒಂದೇ ಸಲಕ್ಕೆ ಎರಡೂ ಸೀಳಿನಿಂದ ಹೋಗುತ್ತದೆ’ ಅಂದೆ. ಹಿಂದಿನ ಬೆಂಚಿನ ಹುಡುಗ ಎದ್ದು ‘ಹಾಗಾದ್ರೆ ಒಂದೊಂದರಲ್ಲಿ ಅರ್ಧರ್ಧ ಚಾರ್ಜ್ ಹೋಗುತ್ತಾ ಮೇಡಂ?’ ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಬ್ಬಳು ‘ನಾವು ನೋಡಿದರೆ ಅದಕ್ಕೆ ಗೊತ್ತಾಗುತ್ತದಂತೆ, ರೀಲ್ಸ್‌ನಲ್ಲಿ ಬಂದಿತ್ತು’ ಅಂದಳು. ನನ್ನ ಸಹೋದ್ಯೋಗಿಯೊಬ್ಬರು ಇದೇ ಮಾತು ನಂಬಿ, ಮನಸ್ಸಿನಿಂದ ಬದುಕು ಬದಲಿಸುವ ‘ಕ್ವಾಂಟಮ್’ ಶಿಬಿರಕ್ಕೆ ದುಡ್ಡು ಕಟ್ಟಲು ಹೊರಟಿದ್ದಾರೆ. ಮತ್ತೊಬ್ಬರು, ‘2011ರಲ್ಲೇ ಕೆನಡಾದಲ್ಲಿ ಕಣಗಳ ದಾರಿ ಅಳೆದಾಗಿದೆ, ನೀವು ಹೇಳೋದು ಹಳೇ ಕಥೆ’ ಎನ್ನುತ್ತಾರೆ. ಇದರಲ್ಲಿ ಯಾವುದು ನಿಜ? ತರಗತಿಯಲ್ಲಿ ಏನು ಹೇಳಲಿ?

ಉತ್ತರ: ಮೇಡಂ, ಅರ್ಧ ಚಾರ್ಜ್ ಕೇಳಿದ ಹುಡುಗನಿಂದಲೇ ಶುರು ಮಾಡೋಣ. ಮೂವತ್ತು ವರ್ಷ ಇದೇ ಪಾಠ ಮಾಡಿದ ನನಗೂ ಆ ಪ್ರಶ್ನೆ ಎದುರಾಗಿದೆ. ಮೊದಲ ಸಲ ನಾನೂ ‘ಅದು ಮುಂದಿನ ವರ್ಷ ಬರುತ್ತದೆ, ಕೂತ್ಕೋ’ ಎಂದು ಜಾರಿಕೊಂಡಿದ್ದೆ. ಹಾಗಾಗಿ ನೀವು ಬೇಸರ ಮಾಡಿಕೊಳ್ಳಬೇಡಿ.

ಒಂದು ತಡೆಯಲ್ಲಿ ಅಕ್ಕಪಕ್ಕ ಎರಡು ಸೀಳು, ಈಚೆಯಿಂದ ಬಿಡುವ ಎಲೆಕ್ಟ್ರಾನ್, ಆಚೆ ಅದು ಬಂದು ಬೀಳುವ ಪರದೆ, ಪ್ರಯೋಗ ಇಷ್ಟೇ. ಇದರಲ್ಲಿ ಅರ್ಧ ಎಲೆಕ್ಟ್ರಾನನ್ನು ಯಾರೂ ಕಂಡಿಲ್ಲ. ಸೀಳಿನ ಬಾಯಿಗೇ ಡಿಟೆಕ್ಟರ್ ಇಟ್ಟರೂ, ದೂರದ ಪರದೆಗೆ ಇಟ್ಟರೂ ಸಿಗುವುದು ಒಂದು ಪೂರ್ತಿ ಎಲೆಕ್ಟ್ರಾನ್, ಒಂದು ಪೂರ್ತಿ ಚಾರ್ಜ್. ಅಂದರೆ ಎಲೆಕ್ಟ್ರಾನ್ ದೋಸೆ ಹರಿದ ಹಾಗೆ ಎರಡು ಚೂರಾಗಿ ಹೋಗುವುದಿಲ್ಲ. ಹುಡುಗನ ಅನುಮಾನ ಸರಿಯಾಗಿದೆ. ‘ಎರಡರಿಂದಲೂ ಹೋಗುತ್ತದೆ’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಅದು ತಪ್ಪೇ.

‘ಹಾಗಿದ್ದರೆ ಯಾವುದೋ ಒಂದರಿಂದ ಹೋಗುತ್ತದೆ, ನಮಗೆ ಗೊತ್ತಿಲ್ಲ ಅಷ್ಟೇ’ ಅನ್ನಬಹುದಲ್ವಾ? ಅದೂ ಸಲೀಸಾಗಿ ನಿಲ್ಲುವುದಿಲ್ಲ. ಎರಡು ತೂತಿನ ತಟ್ಟೆಯ ಮೇಲೆ ರಾಗಿ ಸುರಿದರೆ ಕೆಳಗೆ ಎರಡು ಗುಡ್ಡೆ ಬೀಳುತ್ತದೆ. ಒಂದು ತೂತು ಮುಚ್ಚಿದ್ದಾಗ ಒಂದು ಜಾಗಕ್ಕೆ ಹತ್ತು ಕಾಳು ಬೀಳುತ್ತಿದ್ದರೆ, ಇನ್ನೊಂದನ್ನೂ ತೆರೆದಾಗ ಹತ್ತೋ ಹದಿನೈದೋ ಬೀಳಬೇಕು. ಹತ್ತಕ್ಕಿಂತ ಕಡಿಮೆ ಆಗಲು ದಾರಿಯೇ ಇಲ್ಲ. ಎಲೆಕ್ಟ್ರಾನ್ ವಿಷಯದಲ್ಲಿ ಕಡಿಮೆ ಆಗುತ್ತದೆ. ಒಂದೇ ಸೀಳು ತೆರೆದಾಗ ಒಂದು ಜಾಗಕ್ಕೆ ನಿಮಿಷಕ್ಕೆ 100 ಬರುತ್ತಿದ್ದವು ಅಂತಿಟ್ಟುಕೊಳ್ಳಿ. ಎರಡನೆಯದನ್ನೂ ತೆರೆದರೆ ಅದೇ ಜಾಗಕ್ಕೆ ಒಂದೂ ಬರದೇ ಹೋಗಬಹುದು. ಪಕ್ಕದ ಜಾಗಕ್ಕೆ 400 ಬರಬಹುದು. ಹೀಗೆ ಪರದೆಯ ಮೇಲೆ ಒಂದು ಬಿಟ್ಟು ಒಂದು ಬೆಳಕು, ಕತ್ತಲೆ ಪಟ್ಟಿಗಳು ಮೂಡುತ್ತವೆ. ಬಾಗಿಲು ಜಾಸ್ತಿ ತೆರೆದಷ್ಟೂ ಒಳಗೆ ಬರುವವರು ಕಡಿಮೆ! ಎಡ ಸೀಳಿನಿಂದ ಹೋಗುವ ಕಾಳಿಗೆ ಬಲ ಸೀಳು ತೆರೆದಿದೆಯೋ ಇಲ್ಲವೋ ಎಂಬುದರಿಂದ ಏನಾಗಬೇಕು ಹೇಳಿ.

ಕಣಗಳು ಒಟ್ಟಿಗೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆದು ಹೀಗಾಗುತ್ತಿರಬಹುದು ಎಂಬ ಅನುಮಾನವೂ ಹಳೆಯದು. ಅದಕ್ಕೆ ಬೆಳಕಿನ ವಿಷಯದಲ್ಲಿ ಉತ್ತರ ಹುಡುಕಿದ್ದು ಕೇಂಬ್ರಿಡ್ಜ್‌ನ ಜಿ. ಐ. ಟೇಲರ್, 1909ರಲ್ಲಿ. ಬೆಳಕನ್ನು ವಿಪರೀತ ಮಂದ ಮಾಡಿ, ಸೂಜಿಯೊಂದರ ನೆರಳನ್ನು ತಿಂಗಳುಗಟ್ಟಲೆ ಫೋಟೋ ಪ್ಲೇಟಿನ ಮೇಲೆ ಬೀಳಿಸಿದರು. ಪಟ್ಟಿಗಳು ಹಾಗೇ ಇದ್ದವು. ಎಲೆಕ್ಟ್ರಾನಿಗೆ ಮೊದಲ ಬಾರಿ ನಿಜವಾದ ಸೀಳುಗಳನ್ನು ಮಾಡಿ ತೋರಿಸಿದ್ದು ಜರ್ಮನಿಯ ಟ್ಯೂಬಿಂಗನ್‌ನ ಕ್ಲೌಸ್ ಯೋನ್ಸನ್, 1961ರಲ್ಲಿ. 1974ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಒಂದೊಂದೇ ಎಲೆಕ್ಟ್ರಾನ್ ಬಿಟ್ಟು ನೋಡಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1989ರ ಜಪಾನಿನ ಪ್ರಯೋಗ. ಹಿಟಾಚಿ ಕಂಪನಿಯ ಅಕಿರಾ ತೊನೊಮುರ ಮತ್ತು ಸಂಗಡಿಗರು ಮಾಡಿದ್ದು. ಅಲ್ಲಿ ಸೀಳುಗಳಿಲ್ಲ. ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳುವಾದ ತಂತಿ ಇದೆ, ಅದರ ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ಸೆಕೆಂಡಿಗೆ ಸುಮಾರು 1000 ಎಲೆಕ್ಟ್ರಾನ್ ಬಿಟ್ಟರು. ಜಾಸ್ತಿ ಅನ್ನಿಸುತ್ತದೆ. ಆದರೆ 50 ಸಾವಿರ ವೋಲ್ಟ್ ದಾಟಿದ ಎಲೆಕ್ಟ್ರಾನ್ ಸೆಕೆಂಡಿಗೆ 1.2 ಲಕ್ಷ ಕಿಲೋಮೀಟರಿಗಿಂತ ವೇಗವಾಗಿ ಓಡುತ್ತದೆ. ಲೆಕ್ಕ ಹಾಕಿದರೆ ಒಂದಕ್ಕೂ ಮುಂದಿನದಕ್ಕೂ ಸರಾಸರಿ 120 ಕಿಲೋಮೀಟರ್ ಅಂತರ. ಒಂದು ಶ್ರೀರಂಗಪಟ್ಟಣ ತಲುಪುವಾಗ ಇನ್ನೊಂದು ಬೆಂಗಳೂರು ಬಿಡುತ್ತಿದೆ ಅನ್ನಿ. ಉಪಕರಣದ ಉದ್ದವೋ ಬರೀ ಒಂದೂವರೆ ಮೀಟರ್. ಒಳಗೆ ಒಂದೇ ಸಲಕ್ಕೆ ಎರಡು ಇರುವ ಸಂಭವವೇ ಇಲ್ಲ ಎನ್ನುವಷ್ಟು ಕಡಿಮೆ.

ಆ ಚಿತ್ರಗಳನ್ನು ಮಕ್ಕಳಿಗೆ ತಪ್ಪದೇ ತೋರಿಸಿ. 10 ಎಲೆಕ್ಟ್ರಾನ್ ಬಿದ್ದಾಗ ಯಾರೋ ರಂಗೋಲಿ ಪುಡಿ ಚೆಲ್ಲಿದಂತೆ ಅಲ್ಲೊಂದು ಇಲ್ಲೊಂದು ಚುಕ್ಕಿ. 100 ಆದರೂ ಏನೂ ತಿಳಿಯುವುದಿಲ್ಲ. 3000ಕ್ಕೆ ಏನೋ ಇದೆ ಅನ್ನಿಸುತ್ತದೆ. 20,000ಕ್ಕೆ ಪಟ್ಟಿಗಳು ಎದ್ದು ಕಾಣುತ್ತವೆ. 70,000ಕ್ಕೆ ಸೀರೆಯ ಗೆರೆಗಳಷ್ಟು ಸ್ಪಷ್ಟ. ಪ್ರತಿಯೊಂದೂ ಒಂಟಿಯಾಗಿ ಬಂದು ಒಂದು ಚುಕ್ಕಿಯಾಗಿ ಬಿತ್ತು. ಆದರೂ ಕತ್ತಲೆ ಪಟ್ಟಿ ಇರುವ ಕಡೆ ಯಾವುದೂ ಬೀಳಲು ಹೋಗಲಿಲ್ಲ.

ಹಾಗಾದರೆ ಏನು ಹೇಳಬೇಕು? ನಾನು ಬಾಣದ ಲೆಕ್ಕ ಹೇಳುತ್ತೇನೆ. ಪ್ರತಿ ದಾರಿಗೂ ಒಂದು ಪುಟ್ಟ ಬಾಣ ಕೊಡಿ. ದಾರಿ ಉದ್ದವಾದಷ್ಟೂ ಬಾಣ ಗಡಿಯಾರದ ಮುಳ್ಳಿನಂತೆ ತಿರುಗುತ್ತಾ ಹೋಗುತ್ತದೆ. ಪರದೆಯ ಒಂದು ಜಾಗಕ್ಕೆ ಎರಡೂ ದಾರಿಯ ಬಾಣಗಳನ್ನು ತಂದು ಮೊದಲು ಕೂಡಿಸಿ, ಆಮೇಲೆ ವರ್ಗ ಮಾಡಿ. ಬಂದದ್ದೇ ಅಲ್ಲಿ ಎಲೆಕ್ಟ್ರಾನ್ ಬೀಳುವ ಸಾಧ್ಯತೆ. ಎರಡೂ ಒಂದೇ ಕಡೆ ಮುಖ ಮಾಡಿದ್ದರೆ 1 ಮತ್ತು 1 ಸೇರಿ 2, ಅದರ ವರ್ಗ 4. ಎದುರುಬದುರಾಗಿದ್ದರೆ 0. ಮೇಲೆ ಹೇಳಿದ 400 ಮತ್ತು ಸೊನ್ನೆ ಬಂದದ್ದು ಇಲ್ಲಿಂದಲೇ. ಸರಾಸರಿ 2. ಅಂದರೆ ಎಲೆಕ್ಟ್ರಾನ್ ಎಲ್ಲೂ ಕಳೆದುಹೋಗಿಲ್ಲ, ಹಂಚಿಕೆ ಮಾತ್ರ ಬದಲಾಗಿದೆ. ಎರಡೂ ಸೀಳಿಗೆ ಹಂಚಿಕೊಂಡಿರುವುದು ಈ ಬಾಣ, ಚಾರ್ಜ್ ಅಲ್ಲ. ಆ ಹುಡುಗನಿಗೆ ಇಷ್ಟು ಹೇಳಿದರೆ ಸಾಕು.

ದಾರಿ ಎರಡೇ ಯಾಕೆ, ಸಾಧ್ಯವಿರುವ ಎಲ್ಲ ದಾರಿಗೂ ಬಾಣ ಕೊಟ್ಟು ಕೂಡಿಸಿ ಎಂದವರು ರಿಚರ್ಡ್ ಫೈನ್‌ಮನ್, 1948ರಲ್ಲಿ. ಒಂದು ಸೀಳಿನಿಂದ ಹೊರಟು, ಇನ್ನೊಂದರ ಹತ್ತಿರ ಸುತ್ತಿ ಬರುವ ಅಂಕುಡೊಂಕು ದಾರಿಗಳೂ ಲೆಕ್ಕಕ್ಕೆ ಬರುತ್ತವೆ. ಪಠ್ಯಪುಸ್ತಕಗಳು ಅವನ್ನು ಬಿಟ್ಟುಬಿಡುತ್ತವೆ. ಅವುಗಳ ಪಾಲು ಎಷ್ಟು ಎಂದು 2014ರಲ್ಲಿ ಲೆಕ್ಕ ಹಾಕಿದವರಲ್ಲಿ, 2018ರಲ್ಲಿ ಮೈಕ್ರೋವೇವ್ ಮತ್ತು ಮೂರು ಸೀಳು ಬಳಸಿ ಅಳೆದವರಲ್ಲಿ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಉರ್ಬಸಿ ಸಿನ್ಹಾ ಅವರ ತಂಡ ಇದೆ. ಇದು ಪಿಯು ಮಕ್ಕಳಿಗೆ ಬೇಡ, ನಿಮಗೆ ಇರಲಿ ಅಂತ ಹೇಳಿದೆ.

ಈಗ ರೀಲ್ಸ್ ವಿಷಯ. ಯಾವ ಸೀಳಿನಿಂದ ಹೋಯಿತು ಎಂದು ಪತ್ತೆ ಮಾಡುವ ವ್ಯವಸ್ಥೆ ಇಟ್ಟರೆ ಪಟ್ಟಿಗಳು ಅಳಿಸಿಹೋಗುತ್ತವೆ. ಇದು ನಿಜ. ‘ನಾವು ನೋಡಿದ್ದರಿಂದ’ ಅಳಿಸಿತು ಎಂಬುದು ಸುಳ್ಳು. ಈ ಗೊಂದಲಕ್ಕೆ ನಮ್ಮ ಭಾಷೆಯೇ ಅರ್ಧ ಕಾರಣ. ‘ನೋಡು’ ಅಂದರೆ ಕಣ್ಣು ಬೇಕು, ಕಣ್ಣಿನ ಹಿಂದೆ ಒಬ್ಬ ಮನುಷ್ಯ ಬೇಕು. ಲ್ಯಾಬಿನಲ್ಲಿ ಹಾಗೆ ಯಾರೂ ಸೀಳಿಗೆ ಕಣ್ಣಿಟ್ಟು ಕೂತಿರುವುದಿಲ್ಲ. ತೊನೊಮುರ ಪ್ರಯೋಗದ ಪರದೆಯನ್ನಂತೂ ಎಲ್ಲರೂ ನೋಡುತ್ತಲೇ ಇದ್ದರು, ಪಟ್ಟಿಗಳು ಎಲ್ಲೂ ಓಡಿಹೋಗಲಿಲ್ಲ.

ನಾನು ‘ನೋಡುವುದು’ ಎಂಬ ಪದವನ್ನೇ ಬಿಟ್ಟು ‘ಗುರುತು ಉಳಿಯುವುದು’ ಎನ್ನುತ್ತೇನೆ. ಎಡಗಡೆಯಿಂದ ಹೋದರೆ ಜಗತ್ತಿನಲ್ಲಿ ಎಲ್ಲೋ ಒಂದು ಬಗೆಯ ಗುರುತು, ಬಲಗಡೆಯಿಂದ ಹೋದರೆ ಇನ್ನೊಂದು ಬಗೆಯ ಗುರುತು ಉಳಿದರೆ, ಆ ಎರಡು ಬಾಣಗಳನ್ನು ಕೂಡಿಸುವ ಹಾಗಿಲ್ಲ. ಅವು ಬೇರೆ ಬೇರೆ ಕೊನೆಗಳಿಗೆ ಸೇರಿದವು. ಒಂದೊಂದನ್ನೇ ವರ್ಗ ಮಾಡಿ ಆಮೇಲೆ ಕೂಡಿಸಬೇಕು. 1 ಮತ್ತು 1 ಸೇರಿ ಎಲ್ಲ ಕಡೆಯೂ 2. ಪಟ್ಟಿ ಮಾಯ. ಆ ಗುರುತನ್ನು ಯಾರಾದರೂ ಓದಿದರೋ ಬಿಟ್ಟರೋ, ಲೆಕ್ಕಕ್ಕೆ ಬೇಕಿಲ್ಲ.

ಇದಕ್ಕೆ ಸೊಗಸಾದ ಸಾಕ್ಷಿ ವಿಯೆನ್ನಾದ್ದು. ಅಲ್ಲಿಯ ಆಂಟನ್ ಸೈಲಿಂಗರ್ ತಂಡ 1999ರಲ್ಲಿ 60 ಕಾರ್ಬನ್ ಪರಮಾಣುಗಳ ಫುಟ್‌ಬಾಲ್ ಆಕಾರದ ಅಣುವಿನಿಂದಲೇ ಪಟ್ಟಿಗಳನ್ನು ತೆಗೆದು ತೋರಿಸಿತ್ತು. 2004ರಲ್ಲಿ ಅದರ ದೊಡ್ಡಣ್ಣ, 70 ಕಾರ್ಬನ್ ಇರುವ ಅಣುವನ್ನು ದಾರಿಯಲ್ಲಿ ಲೇಸರ್ ಬಿಟ್ಟು ಕಾಯಿಸಿದರು. ಕಾದ ಕಬ್ಬಿಣದಂತೆ ಕಾದ ಅಣುವೂ ಬೆಳಕು ಬಿಡುತ್ತದೆ. ಆ ಬೆಳಕು ‘ನಾನು ಇಲ್ಲಿಂದ ಹೊರಟೆ’ ಎಂಬ ಸುಳಿವನ್ನು ಹೊತ್ತು ಹೋಗುತ್ತದೆ. ಯಾರೂ ಆ ಬೆಳಕನ್ನು ಹಿಡಿಯಲಿಲ್ಲ, ಓದಲಿಲ್ಲ. ಅದು ಹೋಗಿ ಗೋಡೆಗೆ ಬಡಿಯಿತು, ಅಷ್ಟೇ. ಆದರೂ ಕಾವು ಏರುತ್ತಾ ಹೋದಂತೆ ಪಟ್ಟಿಗಳು ಮಂಕಾದವು, ಕೊನೆಗೆ ಹೋದವು. ಗಮನಿಸಿ, ಸ್ವಿಚ್ ಆರಿಸಿದಂತೆ ಒಮ್ಮೆಗೇ ಹೋಗಲಿಲ್ಲ. ಸುಳಿವು ಎಷ್ಟು ಖಚಿತವೋ ಪಟ್ಟಿ ಅಷ್ಟು ಮಂಕು. ಅರ್ಧಂಬರ್ಧ ಸುಳಿವಿಗೆ ಅರ್ಧಂಬರ್ಧ ಪಟ್ಟಿ. ಮನಸ್ಸಿನ ಶಕ್ತಿಗೆ ಇಲ್ಲಿ ಯಾವ ಕೆಲಸವೂ ಇಲ್ಲ. ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಳಿ, ಆಮೇಲೂ ದುಡ್ಡು ಕಟ್ಟುತ್ತೇನೆ ಅಂದರೆ ಅದು ಅವರ ಇಷ್ಟ. ಶಿಬಿರದಲ್ಲಿ ಧ್ಯಾನ ಚೆನ್ನಾಗಿದ್ದರೆ ಮನಸ್ಸಿಗೆ ನೆಮ್ಮದಿ ಸಿಗಬಹುದು. ಆ ನೆಮ್ಮದಿಗೂ ಎಲೆಕ್ಟ್ರಾನಿಗೂ ಸಂಬಂಧ ಇಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತುಂಬ ವರ್ಷ ನಾನು, ‘ಪತ್ತೆ ಮಾಡಲು ಬೆಳಕು ಬಿಡಬೇಕು, ಬೆಳಕು ಎಲೆಕ್ಟ್ರಾನನ್ನು ತಳ್ಳುತ್ತದೆ, ಅದಕ್ಕೇ ಪಟ್ಟಿ ಕಲಸಿಹೋಗುತ್ತದೆ’ ಎಂದು ಹೇಳಿಕೊಡುತ್ತಿದ್ದೆ. ಬಹಳ ಪುಸ್ತಕಗಳಲ್ಲೂ ಹಾಗೇ ಇದೆ. ಕೆಲವು ಪ್ರಯೋಗಗಳಿಗೆ ಅದು ಸರಿಯೇ, ಆದರೆ ಮೂಲ ಕಾರಣ ಅದಲ್ಲ. 1998ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್‌ನಲ್ಲಿ ಗೆರ್ಹಾರ್ಡ್ ರೆಂಪೆ ತಂಡ ರುಬಿಡಿಯಂ ಪರಮಾಣುಗಳ ದಾರಿಯನ್ನು ಅವುಗಳ ಒಳಗಿನ ಸ್ಥಿತಿಯಲ್ಲೇ ಗುರುತು ಮಾಡಿತು, ಮೈಕ್ರೋವೇವ್ ಬಳಸಿ. ಅದರಿಂದ ಬೀಳುವ ತಳ್ಳು ಪಟ್ಟಿ ಕಲಸಲು ಬೇಕಾದ್ದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಆದರೂ ಪಟ್ಟಿಗಳು ಹೋದವು. ಕೆಲಸ ಮಾಡಿದ್ದು ತಳ್ಳು ಅಲ್ಲ, ಗುರುತು. ಆ ಸುದ್ದಿ ನನ್ನ ಕಿವಿಗೆ ಬೀಳುವಷ್ಟರಲ್ಲಿ ಎಷ್ಟೋ ಬ್ಯಾಚ್ ದಾಟಿಹೋಗಿದ್ದವು.

ಮಕ್ಕಳು ಇನ್ನೊಂದು ಕಡೆಯಿಂದ ಸಿಕ್ಕಿಸುತ್ತಾರೆ. ‘ಕ್ಲೌಡ್ ಚೇಂಬರಿನ ಫೋಟೋದಲ್ಲಿ ಕಣದ ದಾರಿ ಗೆರೆಯ ಹಾಗೆ ಕಾಣುತ್ತಲ್ಲ?’ ಕಾಣುತ್ತದೆ. ಆವಿ ತುಂಬಿದ ಆ ಪೆಟ್ಟಿಗೆಯಲ್ಲಿ ಕಣ ಹೋದ ಕಡೆ ಹನಿ ಕಟ್ಟುತ್ತದೆ, ಪ್ರತಿ ಹನಿಯೂ ಒಂದು ಗುರುತು. ಹೆಜ್ಜೆ ಹೆಜ್ಜೆಗೂ ಗುರುತು ಬೀಳುತ್ತಾ ಹೋದದ್ದರಿಂದಲೇ ದಾರಿ ಅನ್ನುವುದೊಂದು ಹುಟ್ಟಿತು. ಗುಂಡಗೆ ಹರಡುವ ಅಲೆಯಿಂದ ನೆಟ್ಟಗಿನ ಗೆರೆ ಹೇಗೆ ಬರುತ್ತದೆ ಎಂದು ನೆವಿಲ್ ಮಾಟ್ 1929ರಲ್ಲೇ ಲೆಕ್ಕ ಮಾಡಿ ತೋರಿಸಿದ್ದಾರೆ. ಎರಡು ಸೀಳಿನ ಪೆಟ್ಟಿಗೆಯಲ್ಲಿ ಗಾಳಿಯನ್ನೆಲ್ಲ ತೆಗೆದು ಖಾಲಿ ಮಾಡುವುದು ಇಂಥ ಗುರುತು ಬೀಳದಿರಲಿ ಅಂತಲೇ. ಕ್ರಿಕೆಟ್ ಚೆಂಡಿನಿಂದ ಪಟ್ಟಿ ಯಾಕೆ ಬರುವುದಿಲ್ಲ ಎಂಬುದಕ್ಕೂ ಅರ್ಧ ಉತ್ತರ ಇದೇ. ಗಾಳಿ, ಬೆಳಕು, ಧೂಳು ಎಲ್ಲವೂ ಅದರ ದಾರಿಯನ್ನು ಊರಿಗೆಲ್ಲ ಹೇಳಿಬಿಡುತ್ತವೆ. ಇನ್ನರ್ಧ, ಗಂಟೆಗೆ 144 ಕಿಲೋಮೀಟರ್ ವೇಗದ 160 ಗ್ರಾಂ ಚೆಂಡಿನ ತರಂಗದೂರ. ಒಂದು ಮೀಟರನ್ನು 1ರ ಮುಂದೆ 34 ಸೊನ್ನೆ ಇರುವ ಸಂಖ್ಯೆಯಿಂದ ಭಾಗಿಸಿದಷ್ಟು. ಅದಕ್ಕೆ ತಕ್ಕ ಸೀಳು ಯಾರು ಮಾಡುತ್ತಾರೆ?

‘ಗುರುತನ್ನು ಆಮೇಲೆ ಅಳಿಸಿದರೆ ಹಿಂದೆ ನಡೆದದ್ದೇ ಬದಲಾಗುತ್ತದೆ’ ಎಂಬ ವಿಡಿಯೋಗಳೂ ಓಡಾಡುತ್ತವೆ. ಅವುಗಳ ಮೂಲ 2000ದಲ್ಲಿ ಪ್ರಕಟವಾದ ಒಂದು ಪ್ರಯೋಗ. ಅದರಲ್ಲಿ ಪರದೆಯ ಕಡೆ ಬಿದ್ದ ಒಟ್ಟು ರಾಶಿಯಲ್ಲಿ ಪಟ್ಟಿ ಎಂದೂ ಕಂಡಿಲ್ಲ. ಪ್ರತಿ ಫೋಟಾನಿಗೂ, ಅಂದರೆ ಬೆಳಕಿನ ಕಣಕ್ಕೂ, ಒಂದು ಜೋಡಿ ಇತ್ತು. ಆ ಜೋಡಿ ಎಲ್ಲಿ ಸಿಕ್ಕಿತು ಎಂಬ ದಾಖಲೆಯನ್ನು ಹಿಡಿದುಕೊಂಡು ರಾಶಿಯನ್ನು ಬೇರೆ ಮಾಡಿದರೆ ಒಂದು ಗುಂಪಿನಲ್ಲಿ ಬೆಳಕಿನ ಗೆರೆ ಇದ್ದಲ್ಲಿ ಇನ್ನೊಂದರಲ್ಲಿ ಕತ್ತಲೆ ಗೆರೆ. ಎರಡನ್ನೂ ಸೇರಿಸಿದರೆ ಮತ್ತೆ ಸಪಾಟು. ಬಿದ್ದ ಚುಕ್ಕಿ ಒಂದೂ ಜಾಗ ಬದಲಿಸಲಿಲ್ಲ.

ಇನ್ನು 2011ರ ಕೆನಡಾ. ನಿಮ್ಮ ಸಹೋದ್ಯೋಗಿ ಸುಳ್ಳು ಹೇಳುತ್ತಿಲ್ಲ, ಸ್ವಲ್ಪ ಜಾಸ್ತಿ ಹೇಳುತ್ತಿದ್ದಾರೆ. ಟೊರೊಂಟೊದ ಎಫ್ರೈಮ್ ಸ್ಟೈನ್‌ಬರ್ಗ್ ತಂಡ ಒಂದೊಂದೇ ಫೋಟಾನ್ ಬಿಟ್ಟು, ಅದು ಯಾವ ದಿಕ್ಕಿಗೆ ಹೊರಟಿದೆ ಎಂಬುದನ್ನು ತೀರಾ ಮೆಲ್ಲಗೆ ಮುಟ್ಟಿ ನೋಡಿತು. ಎಷ್ಟು ಮೆಲ್ಲಗೆ ಎಂದರೆ ಒಂದು ಫೋಟಾನಿನಿಂದ ಏನೂ ತಿಳಿಯುವುದಿಲ್ಲ. ಲೆಕ್ಕವಿಲ್ಲದಷ್ಟು ಫೋಟಾನುಗಳ ಸರಾಸರಿ ತೆಗೆದಾಗ ಪ್ರತಿ ಜಾಗದಲ್ಲೂ ಸರಾಸರಿ ದಿಕ್ಕು ಸಿಕ್ಕಿತು. ಆ ದಿಕ್ಕುಗಳನ್ನು ಹೊಲಿದಾಗ ಬಂದವು ಆ ಚೆಂದದ ಬಳುಕು ಗೆರೆಗಳು. ಅವು ಸರಾಸರಿ ದಾರಿಗಳು. ಯಾವುದೇ ಒಂದು ಫೋಟಾನ್ ಆ ಗೆರೆ ಹಿಡಿದು ನಡೆದದ್ದನ್ನು ಯಾರೂ ಕಂಡಿಲ್ಲ.

ಆದರೆ ಆ ಗೆರೆಗಳು ಒಂದು ಹಳೆಯ ಸಿದ್ಧಾಂತಕ್ಕೆ ಸರಿಯಾಗಿ ಹೊಂದುತ್ತವೆ. 1927ರಲ್ಲಿ ಲೂಯಿ ಡಿ ಬ್ರಾಯ್ ಸೂಚಿಸಿ ಕೈಬಿಟ್ಟದ್ದನ್ನು 1952ರಲ್ಲಿ ಡೇವಿಡ್ ಬೋಮ್ ಮತ್ತೆ ಎತ್ತಿಕೊಂಡರು. ಅವರ ಪ್ರಕಾರ ಕಣ ಒಂದೇ ಸೀಳಿನಿಂದ ಹೋಗುತ್ತದೆ, ದಾರಿ ಖಚಿತವಾಗಿದೆ. ಎರಡೂ ಸೀಳಿನಿಂದ ಹೋಗುವುದು ಅಲೆ. ಅದು ಕಣವನ್ನು ಕೈಹಿಡಿದು ನಡೆಸುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಪಟ್ಟಿಗಳು ಹಾಗೇ ಬರುತ್ತವೆ. ಬೆಲೆ ಬೇರೆ ಕಡೆ ತೆರಬೇಕು. ಎರಡು ಕಣಗಳಿದ್ದರೆ, ಇಲ್ಲಿರುವ ಒಂದರ ನಡೆ ಎಷ್ಟೋ ದೂರದಲ್ಲಿರುವ ಇನ್ನೊಂದರ ಜಾಗವನ್ನು ಆ ಕ್ಷಣವೇ ಅವಲಂಬಿಸಿರುತ್ತದೆ. ಐನ್‌ಸ್ಟೈನ್‌ಗೂ ಅದು ರುಚಿಸಲಿಲ್ಲ.

ತರಗತಿಯಲ್ಲಿ ಏನು ಹೇಳಲಿ ಎಂದಿರಿ. ‘ಎರಡರಿಂದಲೂ’ ಅಂದರೆ ಬೇಗ ಮುಗಿಯುತ್ತದೆ, ಅರ್ಧ ಚಾರ್ಜ್ ಪ್ರಶ್ನೆ ಗ್ಯಾರಂಟಿ. ‘ದಾರಿ ಬಗ್ಗೆ ಕೇಳಲೇಬಾರದು’ ಎಂಬುದು ನೀಲ್ಸ್ ಬೋರ್ ಕಡೆಯವರ ಹಳೆಯ ನಿಲುವು. ಹೇಳಲು ಸುಲಭ, ಆದರೆ ಹದಿನೇಳರ ಹುಡುಗರಿಗೆ ‘ಕೇಳಬೇಡ’ ಅಂದರೆ ಅವರು ರೀಲ್ಸ್‌ಗೆ ಹೋಗಿ ಕೇಳುತ್ತಾರೆ. ಬೋಮ್ ಕಥೆ ಮಕ್ಕಳಿಗೆ ತುಂಬ ಹಿಡಿಸುತ್ತದೆ. ಅದನ್ನೇ ಕಟ್ಟಕಡೆಯ ಸತ್ಯ ಎಂದು ಹೇಳಿಬಿಟ್ಟರೆ ಮುಂದೆ ಎಂಎಸ್ಸಿಯಲ್ಲಿ ಯಾರೋ ಅದನ್ನು ಕಿತ್ತು ಹಾಕಬೇಕಾಗುತ್ತದೆ. ಎರಡೂ ನಡೆಯುತ್ತದೆ, ಬೇರೆ ಬೇರೆ ಜಗತ್ತಿನಲ್ಲಿ ಎನ್ನುವವರೂ ಇದ್ದಾರೆ. ಅದನ್ನು ಕೊನೆಯ ಪಿರಿಯಡ್‌ಗೆ ಇಟ್ಟುಕೊಳ್ಳಿ, ಗಲಾಟೆ ಚೆನ್ನಾಗಿರುತ್ತದೆ. ಇವೆಲ್ಲ ಪರದೆಯ ಮೇಲೆ ಒಂದೇ ಪಟ್ಟಿಯನ್ನು ಹೇಳುವುದರಿಂದ ಈ ಪ್ರಯೋಗ ಇವುಗಳ ನಡುವೆ ತೀರ್ಪು ಕೊಡಲಾರದು. ನಾನಾದರೆ ಬಾಣ ಮತ್ತು ಗುರುತು, ಇವೆರಡನ್ನೇ ಹೇಳುತ್ತೇನೆ. ಯಾವ ಪಕ್ಷಕ್ಕೆ ಹೋದರೂ ಅವು ಬದಲಾಗುವುದಿಲ್ಲ.

ಜೊತೆಗೆ ಒಂದು ಪ್ರಯೋಗ ಮಾಡಿಸಿ. ಈ ಪ್ರಯೋಗದ ಮೂಲಪುರುಷ ಥಾಮಸ್ ಯಂಗ್ 1803ರಲ್ಲಿ ತೋರಿಸಿದ್ದು ಸೀಳುಗಳನ್ನಲ್ಲ. ಬಿಸಿಲಿನ ಸಣ್ಣ ಎಳೆಗೆ ಅಡ್ಡವಾಗಿ ತೆಳು ಕಾರ್ಡಿನ ಅಂಚನ್ನು ಹಿಡಿದು ಅದನ್ನು ಎರಡಾಗಿ ಸೀಳಿದ್ದರು. ನಿಮಗೆ ತಲೆಕೂದಲು ಸಾಕು. ಕೂದಲನ್ನು ಕೆಂಪು ಲೇಸರ್ ಪಾಯಿಂಟರಿನ ಮುಂದೆ ಬಿಗಿಯಾಗಿ ಹಿಡಿದು, 3 ಮೀಟರ್ ದೂರದ ಗೋಡೆ ನೋಡಿ. ಕೂದಲು 80 ಮೈಕ್ರಾನ್ ಇದ್ದರೆ ಸುಮಾರು 2.4 ಸೆಂಟಿಮೀಟರಿಗೆ ಒಂದು ಕತ್ತಲೆ ಗೆರೆ. ಗೆರೆಗಳ ಅಂತರದಿಂದ ಪ್ರತಿಯೊಬ್ಬರೂ ತಮ್ಮ ಕೂದಲಿನ ದಪ್ಪ ಲೆಕ್ಕ ಹಾಕಲಿ. ಲೇಸರ್ ಯಾರ ಕಣ್ಣಿಗೂ ಬೀಳಬಾರದು, ಸ್ಟೀಲ್ ಡಬ್ಬಿ, ವಾಚು ಹತ್ತಿರ ಇರಬಾರದು. ಹಸಿರು ಪಾಯಿಂಟರ್ ಬೇಡ, ಅಗ್ಗದವು ಚೀಟಿಯ ಮೇಲೆ ಬರೆದದ್ದಕ್ಕಿಂತ ಜೋರಾಗಿರುತ್ತವೆ.

ಧೈರ್ಯ ಇದ್ದರೆ ಮುಂದಿನದು. ಕೂದಲಿನ ಬದಲು ತೆಳು ತಂತಿ ಕಟ್ಟಿ, ಅದರ ಎಡಕ್ಕೆ ಒಂದು ಪೋಲರಾಯ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಚೂರು, ಬಲಕ್ಕೆ ಅದಕ್ಕೆ ಅಡ್ಡವಾಗಿ ತಿರುಗಿಸಿದ ಇನ್ನೊಂದು ಚೂರು ಇಡಿ. ಈಗ ಎಡದ ಬೆಳಕಿಗೂ ಬಲದ ಬೆಳಕಿಗೂ ಬೇರೆ ಬೇರೆ ಗುರುತು ಬಿತ್ತು. ತಂತಿಯ ನೆರಳಿನೊಳಗಿನ ಸಣ್ಣ ಪಟ್ಟಿಗಳು ಹೋಗುತ್ತವೆ. ಗೋಡೆಗೆ ಮುಂಚೆ ಮೂರನೆಯ ಚೂರನ್ನು 45 ಡಿಗ್ರಿ ಓರೆಯಾಗಿ ಹಿಡಿದರೆ ಗುರುತು ಅಳಿಸಿ, ಪಟ್ಟಿ ವಾಪಸ್ ಬರುತ್ತದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಪಾಯಿಂಟರಿನ ಬೆಳಕಿಗೆ ಇದನ್ನು ಹಳೆಯ ತರಂಗ ಸಿದ್ಧಾಂತವೇ ವಿವರಿಸುತ್ತದೆ, ಕ್ವಾಂಟಮ್ ಬೇಕಿಲ್ಲ. ಒಂದೊಂದೇ ಫೋಟಾನ್ ಬಿಟ್ಟರೂ ಫಲ ಇದೇ ಎಂದು ಬಾಯಲ್ಲಿ ಹೇಳಬೇಕು.

ಪೋಲರಾಯ್ಡ್ ಹಾಳೆ ವಿಜ್ಞಾನ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ, ಕೆಟ್ಟ ಕ್ಯಾಲ್ಕುಲೇಟರಿನ ಡಿಸ್‌ಪ್ಲೇ ಮೇಲಿಂದಲೂ ಕಿತ್ತುಕೊಳ್ಳಬಹುದು. ಎಡ, ಬಲ ಎರಡೂ ಚೂರಿನಿಂದ ಸಮ ಬೆಳಕು ಬರುವ ತನಕ ಲೇಸರನ್ನು ಅದರ ಅಕ್ಷದ ಮೇಲೆ ತಿರುಗಿಸಿ. ಚೂರುಗಳನ್ನು ಅಂಟಿಸುವಾಗ ಸೆಲ್ಲೋ ಟೇಪ್ ಅಂಚಿಗೆ ಮಾತ್ರ ಇರಲಿ, ಬೆಳಕಿನ ದಾರಿಗೆ ಬರಬಾರದು. ಟೇಪು ಬೆಳಕಿನ ಧ್ರುವೀಕರಣವನ್ನೇ, ಅಂದರೆ ಅದು ಕಂಪಿಸುವ ದಿಕ್ಕನ್ನೇ, ತಿರುಗಿಸಿಬಿಡುತ್ತದೆ. ನಾನು ಮೊದಲ ಸಲ ಮಾಡಿದಾಗ ಗುರುತು ಹಾಕಿದ ಮೇಲೂ ಪಟ್ಟಿಗಳು ಹೋಗದೆ ಅರ್ಧ ದಿನ ಒದ್ದಾಡಿದ್ದು ಅದೇ ಟೇಪಿನಿಂದ.